ಪ್ರನಾಳ ಮತ್ತು ವಯಲ್: ಯಾವ ಮಾದರಿಗೆ ಯಾವ ಪಾತ್ರೆ

ಪ್ರಯೋಗಾಲಯದಲ್ಲಿ ರಕ್ತ, ಹಾಲು, ನೀರು, ರಾಸಾಯನಿಕ ದ್ರಾವಣ ಮುಂತಾದ ಮಾದರಿಗಳನ್ನು ಹಿಡಿದಿಡಲು, ಕಾಯಿಸಲು, ಬೇರ್ಪಡಿಸಲು ಬಳಸುವ ಕಿರಿದಾದ ಕೊಳವೆಯಾಕಾರದ ಪಾತ್ರೆಯೇ ಪ್ರನಾಳ ಅಥವಾ ಟೆಸ್ಟ್ ಟ್ಯೂಬ್. ಸಪಾಟಾದ ತಳ, ಗಿಡ್ಡ ಕುತ್ತಿಗೆ, ಬಿಗಿಯಾದ ಮುಚ್ಚಳ ಇರುವ ಪುಟ್ಟ ಸೀಸೆಯನ್ನು ವಯಲ್ ಎನ್ನುತ್ತಾರೆ. ನೋಡಲು ಎರಡೂ ಸರಳ ವಸ್ತುಗಳು. ಆದರೆ ಒಬ್ಬನೇ ವ್ಯಕ್ತಿಯ ತೋಳಿನಿಂದ ಒಂದೇ ಬಾರಿಗೆ ತೆಗೆದ ರಕ್ತವನ್ನು ಮೂರು ಬಗೆಯ ಟ್ಯೂಬುಗಳಿಗೆ ಹಂಚಿದರೆ ಒಂದರಲ್ಲಿ ಅದು ಹೆಪ್ಪುಗಟ್ಟುತ್ತದೆ, ಇನ್ನೊಂದರಲ್ಲಿ ದ್ರವವಾಗಿಯೇ ಉಳಿಯುತ್ತದೆ, ಮೂರನೆಯದರಲ್ಲಿ ದ್ರವವಾಗಿ ಉಳಿಯುವುದರ ಜೊತೆಗೆ ಅದರೊಳಗಿನ ಸಕ್ಕರೆಯೂ ಕರಗಿಹೋಗದೆ ನಿಲ್ಲುತ್ತದೆ. ಪರೀಕ್ಷೆಯ ಫಲಿತಾಂಶ ಯಂತ್ರದಲ್ಲಿ ಮೂಡುವ ಮೊದಲೇ ಪಾತ್ರೆಯಲ್ಲಿ ಅರ್ಧ ನಿರ್ಧಾರವಾಗಿರುತ್ತದೆ.

ಪಾತ್ರೆಯ ಆಯ್ಕೆಗೆ ಆಧಾರವಾದ ನಿಯಮ ಒಂದೇ. ಪಾತ್ರೆಯು ಮಾದರಿಗೆ ತನ್ನದೇನನ್ನೂ ಸೇರಿಸಬಾರದು, ಮಾದರಿಯಿಂದ ಏನನ್ನೂ ಕಸಿಯಬಾರದು. ಸೇರಿಸುವುದಿದ್ದರೆ ಗೊತ್ತಿದ್ದೇ, ಅಳತೆಯಿಟ್ಟು ಸೇರಿಸಬೇಕು. ಎಷ್ಟು ಮಿಲಿಲೀಟರ್ ಹಿಡಿಸುತ್ತದೆ ಎಂಬ ಪ್ರಶ್ನೆಗಿಂತ ಏನನ್ನು ಅಳೆಯಬೇಕಾಗಿದೆ ಎಂಬ ಪ್ರಶ್ನೆ ಮೊದಲು ಬರುವುದು ಈ ಕಾರಣಕ್ಕೆ.

ಆಕಾರ ಮತ್ತು ತಳ

ಶಾಲಾ ಪ್ರಯೋಗಾಲಯದ ಪ್ರನಾಳದ ತಳ ದುಂಡಾಗಿರುತ್ತದೆ. ದುಂಡು ತಳಕ್ಕೆ ಮೂಲೆಗಳಿಲ್ಲದ ಕಾರಣ ಉರಿಯ ಶಾಖ ಒಂದೆಡೆ ನಿಲ್ಲದೆ ಹರಡುತ್ತದೆ, ತೊಳೆಯುವ ಬ್ರಷ್ ತಳದವರೆಗೂ ಸಲೀಸಾಗಿ ತಲುಪುತ್ತದೆ. ಸಾಮಾನ್ಯ ಪ್ರನಾಳದ ವ್ಯಾಸ ಸುಮಾರು 15 ಮಿಲಿಮೀಟರ್, ಉದ್ದ 125ರಿಂದ 150 ಮಿಲಿಮೀಟರ್. ಹೆಚ್ಚು ಹೊತ್ತು ಕುದಿಸಬೇಕಾದಾಗ 25 ಮಿಲಿಮೀಟರ್ ವ್ಯಾಸದ ಬಾಯ್ಲಿಂಗ್ ಟ್ಯೂಬ್ ಬೇಕು. ಕಿರಿದಾದ ನಳಿಕೆಯಲ್ಲಿ ಏಳುವ ಗುಳ್ಳೆ ತನ್ನ ಮೇಲಿನ ದ್ರವವನ್ನೆಲ್ಲ ಹೊತ್ತುಕೊಂಡು ಬಾಯಿಂದ ಹೊರಗೆ ಚಿಮ್ಮುತ್ತದೆ. ಅಗಲವಾದ ನಳಿಕೆಯಲ್ಲಿ ದ್ರವ ಪಕ್ಕಕ್ಕೆ ಸರಿದು ಗುಳ್ಳೆಗೆ ದಾರಿ ಬಿಡುತ್ತದೆ. ಪಿಯುಸಿ ವಿದ್ಯಾರ್ಥಿಗಳು ಲಸೇಞ್ ಪರೀಕ್ಷೆಯಲ್ಲಿ ಸೋಡಿಯಂ ತುಣುಕಿನೊಡನೆ ಸಾವಯವ ಪದಾರ್ಥವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವ ಪುಟ್ಟ ಇಗ್ನಿಷನ್ ಟ್ಯೂಬ್ ಇನ್ನೊಂದು ಬಗೆ. ಅದು ಒಡೆಯಬೇಕೆಂದೇ ಅಗ್ಗದ ಗಾಜಿನಲ್ಲಿ ತಯಾರಾಗುತ್ತದೆ.

ಶಂಕುವಿನಂತೆ ಚೂಪಾದ ತಳದ ನಳಿಕೆಗಳು ಸೆಂಟ್ರಿಫ್ಯೂಜ್‌ಗೆ, ಎಂದರೆ ಗಿರಗಿರನೆ ಸುತ್ತಿಸಿ ಘಟಕಗಳನ್ನು ಬೇರ್ಪಡಿಸುವ ಯಂತ್ರಕ್ಕೆ, ಹೇಳಿ ಮಾಡಿಸಿದವು. ಅತ್ಯಲ್ಪ ಗಸಿಯಿದ್ದರೂ ಅದು ತುದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಮೇಲಿನ ತಿಳಿಯನ್ನು ಪಿಪೆಟ್‌ನಿಂದ ಕಲಕದೆ ತೆಗೆಯಬಹುದು. ಮೂತ್ರಪರೀಕ್ಷೆಯಲ್ಲಿ ಜೀವಕೋಶಗಳನ್ನೂ ಹರಳುಗಳನ್ನೂ ಹುಡುಕುವವರಿಗೆ ದುಂಡು ತಳದ ನಳಿಕೆಯಿಂದ ಸಮಾಧಾನವಿಲ್ಲದಿರುವುದಕ್ಕೆ ಇದೇ ಕಾರಣ. ವಯಲ್‌ನ ತಳ ಸಪಾಟಾಗಿರುವುದು ಸ್ಟ್ಯಾಂಡಿನ ಹಂಗಿಲ್ಲದೆ ನಿಲ್ಲಲೆಂದು. ಅದು ಕಾಯಿಸುವ ಪಾತ್ರೆಯಲ್ಲ, ಕಾಪಿಡುವ ಪಾತ್ರೆ.

ಗಾಜಿನ ಬಗೆಗಳು

ಕಿಟಕಿ ಮತ್ತು ಸಾಮಾನ್ಯ ಸೀಸೆಗಳ ಗಾಜು ಸೋಡಾ-ಸುಣ್ಣದ ಗಾಜು. ಪ್ರಯೋಗಾಲಯದ ಒಳ್ಳೆಯ ಗಾಜು ಬೋರೋಸಿಲಿಕೇಟ್. ಇದರಲ್ಲಿ ಸುಮಾರು ಶೇ. 80ರಷ್ಟು ಸಿಲಿಕಾ, ಶೇ. 13ರ ಆಸುಪಾಸಿನಲ್ಲಿ ಬೋರಾನ್ ಆಕ್ಸೈಡ್ ಇರುತ್ತದೆ. 1880ರ ದಶಕದಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಆಟೊ ಷಾಟ್ ಈ ಗಾಜನ್ನು ರೂಪಿಸಿದ. ಅಮೆರಿಕದ ಕಾರ್ನಿಂಗ್ ಕಂಪನಿ 1915ರಲ್ಲಿ ಪೈರೆಕ್ಸ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಭಾರತದ ಕಾಲೇಜುಗಳಲ್ಲಿ ಯಾವ ಕಂಪನಿಯದಾದರೂ ಇಂಥ ಪಾತ್ರೆಯನ್ನು 'ಬೋರೋಸಿಲ್' ಎಂದೇ ಕರೆಯುವ ರೂಢಿಯಿದೆ.

ಎರಡು ಗಾಜುಗಳ ಮುಖ್ಯ ವ್ಯತ್ಯಾಸ ಉಷ್ಣ ವ್ಯಾಕೋಚನದಲ್ಲಿದೆ. ಒಂದು ಮೀಟರ್ ಉದ್ದದ ಕಡ್ಡಿಯನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಿದರೆ ಸೋಡಾ-ಸುಣ್ಣದ ಗಾಜು ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ, ಬೋರೋಸಿಲಿಕೇಟ್ 0.33 ಮಿಲಿಮೀಟರ್ ಮಾತ್ರ. ಗಾಜು ಶಾಖವನ್ನು ನಿಧಾನವಾಗಿ ಸಾಗಿಸುವುದರಿಂದ ಉರಿ ತಾಗಿದ ಭಾಗ ಹಿಗ್ಗುವಾಗ ಪಕ್ಕದ ಭಾಗ ತಣ್ಣಗೇ ಇರುತ್ತದೆ. ಈ ಎಳೆದಾಟ ಮಿತಿ ಮೀರಿದಾಗ ಬಿರುಕು ಬೀಳುತ್ತದೆ. ತಣ್ಣನೆಯ ಸಾಧಾರಣ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದಾಗ ಚಟ್ಟನೆ ಸೀಳುವುದು ಇದೇ ಎಳೆದಾಟದಿಂದ. ಬೋರೋಸಿಲಿಕೇಟ್‌ನಲ್ಲಿ ಎಳೆತ ಮೂರನೇ ಒಂದು ಭಾಗದಷ್ಟಿರುವುದರಿಂದ ಅದು ನೇರ ಉರಿಯನ್ನು ತಾಳಿಕೊಳ್ಳುತ್ತದೆ. ಹಾಗೆಂದು ಕಾದ ಪ್ರನಾಳವನ್ನು ತಣ್ಣೀರಿಗೆ ಅದ್ದುವ ಧೈರ್ಯ ಬೇಡ.

ಗಾಜಿಗೆ ಕಾಣದ ದೋಷವೊಂದಿದೆ. ನೀರು ಬಹುಕಾಲ ನಿಂತರೆ ಸೋಡಾ-ಸುಣ್ಣದ ಗಾಜಿನಿಂದ ಸೋಡಿಯಂ ಸ್ವಲ್ಪಸ್ವಲ್ಪವಾಗಿ ಕರಗಿಬಂದು ದ್ರಾವಣವನ್ನು ಕ್ಷಾರೀಯಗೊಳಿಸುತ್ತದೆ. ಉಪ್ಪಿನಕಾಯಿ ಜಾಡಿಗೆ ಇದು ಲೆಕ್ಕಕ್ಕಿಲ್ಲ, ರಕ್ತನಾಳಕ್ಕೆ ಸೇರುವ ಚುಚ್ಚುಮದ್ದಿಗೆ ಲೆಕ್ಕಕ್ಕಿದೆ. ಆದ್ದರಿಂದ ಔಷಧಕೋಶಗಳು ಸೀಸೆಯ ಗಾಜನ್ನು ವರ್ಗೀಕರಿಸಿವೆ: ಒಂದನೆಯ ವರ್ಗ ಬೋರೋಸಿಲಿಕೇಟ್, ಎರಡನೆಯದು ಒಳಮೈಯ ಕ್ಷಾರವನ್ನು ತೆಗೆದು ಸಂಸ್ಕರಿಸಿದ ಸೋಡಾ-ಸುಣ್ಣದ ಗಾಜು, ಮೂರನೆಯದು ಸಂಸ್ಕರಿಸದ ಸಾಧಾರಣ ಗಾಜು. ಲಸಿಕೆಗಳು ಹಾಗೂ ಬಹುಪಾಲು ಚುಚ್ಚುಮದ್ದುಗಳು ಒಂದನೆಯ ವರ್ಗದಲ್ಲೇ ಬರುತ್ತವೆ. ಅಲ್ಲಿಯೂ ಕ್ಷಾರೀಯ ದ್ರಾವಣಗಳು ವರ್ಷಗಟ್ಟಲೆ ಕುಳಿತರೆ ಒಳಮೈ ಸಣ್ಣ ಹೆಕ್ಕಳಿಕೆಗಳಾಗಿ ಎದ್ದು ಔಷಧದಲ್ಲಿ ತೇಲುವುದುಂಟು. ಔಷಧ ಕಂಪನಿಗಳು ಮಾಲನ್ನು ಹಿಂದಕ್ಕೆ ಕರೆಸಿಕೊಳ್ಳಲು ಇದೂ ಒಂದು ಕಾರಣ.

ಹೈಡ್ರೋಫ್ಲೋರಿಕ್ ಆಮ್ಲ ಯಾವ ಗಾಜನ್ನೂ ಬಿಡುವುದಿಲ್ಲ. ಸಾಂದ್ರ ಕಾಸ್ಟಿಕ್ ಸೋಡಾ ದ್ರಾವಣವೂ ಗಾಜನ್ನು ಮೆಲ್ಲಗೆ ತಿನ್ನುತ್ತದೆ, ಗಾಜಿನ ಬಿರಡೆಯನ್ನು ಕುತ್ತಿಗೆಗೆ ಕಚ್ಚಿಸಿಬಿಡುತ್ತದೆ. ಇವೆರಡಕ್ಕೂ ಪ್ಲಾಸ್ಟಿಕ್ ಸೀಸೆಯೇ ಸರಿ. ಬೆಳಕಿಗೆ ಕೆಡುವ ಸಿಲ್ವರ್ ನೈಟ್ರೇಟ್, ಅಯೋಡಿನ್ ದ್ರಾವಣ, ಕೆಲವು ಜೀವಸತ್ವಗಳಿಗೆ ಕಂದು ಬಣ್ಣದ ಗಾಜು ಬೇಕು. ಅದು ನೇರಳಾತೀತ ಕಿರಣಗಳನ್ನೂ ನೀಲಿ ಬೆಳಕಿನ ಬಹುಭಾಗವನ್ನೂ ತಡೆಯುತ್ತದೆ. ಕಬ್ಬಿಣದಂಥ ಲೋಹಗಳ ಅಂಶದಿಂದ ಈ ಬಣ್ಣ ಬರುವುದರಿಂದ, ಕಬ್ಬಿಣದ ಜಾಡನ್ನು ಅಳೆಯುವವರು ಕಂದು ಸೀಸೆಯಿಂದ ದೂರವಿರುವುದು ಮೇಲು.

ಪ್ಲಾಸ್ಟಿಕ್‌ಗಳು

ಪ್ರಯೋಗಾಲಯದ ಪ್ಲಾಸ್ಟಿಕ್ ನಳಿಕೆಗಳಲ್ಲಿ ಎರಡು ಬಗೆ ಹೆಚ್ಚು ಕಾಣುತ್ತವೆ. ಹಾಲಿನಂತೆ ಮಸುಕಾಗಿದ್ದು ಹಿಚುಕಿದರೆ ತುಸು ಬಾಗುವುದು ಪಾಲಿಪ್ರೊಪಿಲೀನ್. ಗಾಜಿನಂತೆ ಸ್ವಚ್ಛವಾಗಿ ಹೊಳೆಯುವುದು, ಬಗ್ಗಿಸಿದರೆ ಟಕ್ಕೆಂದು ಮುರಿಯುವುದು ಪಾಲಿಸ್ಟೈರೀನ್. ಮೊದಲನೆಯದು ಸುಮಾರು 160 ಡಿಗ್ರಿಯವರೆಗೆ ಕರಗುವುದಿಲ್ಲ, ಹೀಗಾಗಿ ಪಾತ್ರೆಗಳನ್ನು ಕ್ರಿಮಿಶುದ್ಧೀಕರಿಸುವ ಆಟೋಕ್ಲೇವ್‌ನ 121 ಡಿಗ್ರಿ ಹಬೆಯನ್ನು ಸಹಿಸುತ್ತದೆ. ಎರಡನೆಯದು 100 ಡಿಗ್ರಿಯ ಹತ್ತಿರಕ್ಕೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಅಸಿಟೋನ್ ಅಥವಾ ಕ್ಲೋರೋಫಾರ್ಮ್ ಹಾಕಿದರೆ ಪಾಲಿಸ್ಟೈರೀನ್ ನಳಿಕೆ ಕಣ್ಣೆದುರೇ ಅಂಟಂಟಾಗಿ ಕರಗುತ್ತದೆ. ಆದರೂ ಅದಕ್ಕೆ ಬೇಡಿಕೆಯಿದೆ, ಏಕೆಂದರೆ ದ್ರಾವಣ ಕಲಕಿದೆಯೇ, ಬಣ್ಣ ತಿರುಗಿದೆಯೇ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪಾಲಿಪ್ರೊಪಿಲೀನ್ ನಳಿಕೆಯನ್ನು ಆಟೋಕ್ಲೇವ್‌ಗೆ ಇಡುವಾಗ ಮುಚ್ಚಳವನ್ನು ಒಂದು ಸುತ್ತು ಸಡಿಲಿಸಬೇಕು. ಬಿಗಿಯಾಗಿ ಮುಚ್ಚಿಟ್ಟರೆ ತಣಿಯುವಾಗ ಒಳಗಿನ ಒತ್ತಡ ಇಳಿದು ನಳಿಕೆ ಸೊಟ್ಟಗಾಗುತ್ತದೆ.

ಪ್ಲಾಸ್ಟಿಕ್ ಗಾಜಿನಷ್ಟು ಸುಲಭವಾಗಿ ಒಡೆಯುವುದಿಲ್ಲ, ಸೋಡಿಯಂ ಬಿಡುವುದಿಲ್ಲ, ಅಗ್ಗ. ಆದರೆ ಎಣ್ಣೆಯಲ್ಲಿ ಕರಗುವ ವಸ್ತುಗಳನ್ನು ಅದು ಹೀರಿಕೊಳ್ಳುತ್ತದೆ, ಅತ್ಯಲ್ಪ ಪ್ರಮಾಣದ ಪ್ರೋಟೀನುಗಳು ಅದರ ಗೋಡೆಗೆ ಅಂಟಿಕೊಳ್ಳುತ್ತವೆ. ಅಂಟದಂತೆ ಸಂಸ್ಕರಿಸಿದ ದುಬಾರಿ ನಳಿಕೆಗಳು ಸಿಗುತ್ತವೆ. ದಿನನಿತ್ಯದ ಕೆಲಸಕ್ಕೆ ಅವು ಬೇಕಿಲ್ಲ; ಒಂದು ಹನಿಯಲ್ಲಿ ಕೆಲವೇ ನ್ಯಾನೊಗ್ರಾಂ ಪ್ರೋಟೀನ್ ಹುಡುಕುವಾಗ ಬೇಕು.

ರಕ್ತದ ಟ್ಯೂಬುಗಳು

ಪಾತ್ರೆಯ ಆಯ್ಕೆ ಜನಸಾಮಾನ್ಯರ ಬದುಕಿಗೆ ನೇರವಾಗಿ ತಾಗುವುದು ರಕ್ತಪರೀಕ್ಷೆಯಲ್ಲಿ. ಇಂದಿನ ಬಹುಪಾಲು ರಕ್ತದ ಟ್ಯೂಬುಗಳು ನಿರ್ವಾತ ಟ್ಯೂಬುಗಳು. ತಯಾರಿಸುವಾಗಲೇ ಒಳಗಿನ ಗಾಳಿಯನ್ನು ಲೆಕ್ಕಹಾಕಿ ತೆಗೆದಿರುವುದರಿಂದ, ಸೂಜಿ ಮುಚ್ಚಳವನ್ನು ತೂರಿದೊಡನೆ ಬೇಕಾದಷ್ಟೇ ರಕ್ತ ತಾನಾಗಿ ಒಳನುಗ್ಗಿ ನಿಲ್ಲುತ್ತದೆ. 1940ರ ದಶಕದಲ್ಲಿ ಅಮೆರಿಕದ ಜೋಸೆಫ್ ಕ್ಲೈನರ್ ರೂಪಿಸಿದ ಈ ಉಪಾಯವನ್ನು ಬೆಕ್ಟನ್ ಡಿಕಿನ್ಸನ್ ಕಂಪನಿ ವ್ಯಾಕ್ಯುಟೇನರ್ ಹೆಸರಿನಲ್ಲಿ ಪ್ರಸಿದ್ಧಗೊಳಿಸಿತು. ಮುಚ್ಚಳದ ಬಣ್ಣ ಒಳಗಿರುವ ರಾಸಾಯನಿಕದ ಸೂಚನೆ.

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ಲವಣ ಗೋಡೆಗೆ ಲೇಪಿತವಾಗಿರುತ್ತದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಇಡಿಟಿಎ ಅದನ್ನು ಹಿಡಿದುಕೊಂಡು ಬಿಡುವುದಿಲ್ಲ. ರಕ್ತಕಣಗಳ ಎಣಿಕೆ ಮತ್ತು ಮಧುಮೇಹಿಗಳ ಎಚ್‌ಬಿಎ1ಸಿ ಪರೀಕ್ಷೆ ಈ ಟ್ಯೂಬಿನಲ್ಲಿ ನಡೆಯುತ್ತವೆ. ತುಂಬಿದ ಮೇಲೆ ಎಂಟು-ಹತ್ತು ಬಾರಿ ಮೆಲ್ಲಗೆ ತಲೆಕೆಳಗು ಮಾಡಬೇಕು. ಜೋರಾಗಿ ಕುಲುಕಿದರೆ ಕಣಗಳು ಒಡೆಯುತ್ತವೆ, ಮಾಡದೇ ಬಿಟ್ಟರೆ ಕಣ್ಣಿಗೆ ಕಾಣದಷ್ಟು ಸಣ್ಣ ಗರಣೆಗಳು ಕಟ್ಟುತ್ತವೆ.

ತಿಳಿನೀಲಿ ಮುಚ್ಚಳದಲ್ಲಿ ಶೇ. 3.2ರ ಸೋಡಿಯಂ ಸಿಟ್ರೇಟ್ ದ್ರಾವಣವಿದೆ. ಇದೂ ಕ್ಯಾಲ್ಸಿಯಂ ಹಿಡಿಯುತ್ತದೆ, ಆದರೆ ಸಡಿಲವಾಗಿ. ಪ್ರಯೋಗಾಲಯದಲ್ಲಿ ಮತ್ತೆ ಕ್ಯಾಲ್ಸಿಯಂ ಹಾಕಿದರೆ ಹೆಪ್ಪುಗಟ್ಟುವ ಕ್ರಿಯೆ ಮರಳಿ ಶುರುವಾಗುತ್ತದೆ. ಅದಕ್ಕೆ ಹಿಡಿಯುವ ಸಮಯವನ್ನೇ ಅಳೆಯುತ್ತಾರೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಪ್ರಮಾಣ ಇಲ್ಲಿ ಕಟ್ಟುನಿಟ್ಟು. 2.7 ಮಿಲಿಲೀಟರ್ ರಕ್ತ ಬರಬೇಕಾದಲ್ಲಿ 1.5 ಬಂದರೆ ಸಿಟ್ರೇಟ್ ಹೆಚ್ಚಾಗಿ, ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟಲು ತಡಮಾಡುತ್ತದೆ ಎಂಬ ವರದಿ ಹುಟ್ಟುತ್ತದೆ.

ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಹೆಪ್ಪುರೋಧಕವಿಲ್ಲ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯೇ ಸೀರಂ. ಇಲ್ಲೊಂದು ಸ್ವಾರಸ್ಯವಿದೆ. ಗಾಜಿನ ಮೈ ತಾಗಿದರೆ ರಕ್ತ ತಾನಾಗಿ ಹೆಪ್ಪುಗಟ್ಟತೊಡಗುತ್ತದೆ, ಪ್ಲಾಸ್ಟಿಕ್ ತಾಗಿದರೆ ಹಾಗೆ ಪ್ರಚೋದನೆಯಾಗುವುದಿಲ್ಲ. ಗಾಜಿನಿಂದ ಪ್ಲಾಸ್ಟಿಕ್‌ಗೆ ಬದಲಾದಾಗ ತಯಾರಕರು ಒಳಗೋಡೆಗೆ ನುಣ್ಣನೆಯ ಸಿಲಿಕಾ ಪುಡಿಯನ್ನು ಲೇಪಿಸಬೇಕಾಯಿತು. ಹಳದಿ ಮುಚ್ಚಳದ ಟ್ಯೂಬಿನಲ್ಲಿ ಇದರ ಜೊತೆಗೆ ತಳದಲ್ಲಿ ಒಂದು ಜೆಲ್ ಇರುತ್ತದೆ. ಅದರ ಸಾಂದ್ರತೆ ಸೀರಂಗಿಂತ ಹೆಚ್ಚು, ರಕ್ತಕಣಗಳಿಗಿಂತ ಕಡಿಮೆ. ಸೆಂಟ್ರಿಫ್ಯೂಜ್‌ನಲ್ಲಿ ಸುತ್ತಿಸಿದಾಗ ಜೆಲ್ ಮೇಲೆದ್ದು ಎರಡರ ನಡುವೆ ತಡೆಗೋಡೆಯಾಗಿ ನಿಲ್ಲುತ್ತದೆ. ಸುಮಾರು ಅರ್ಧ ಗಂಟೆ ಬಿಟ್ಟು, ಹೆಪ್ಪು ಪೂರ್ಣವಾದ ಮೇಲೆಯೇ ಸುತ್ತಿಸಬೇಕು. ಅವಸರ ಮಾಡಿದರೆ ಸೀರಂನಲ್ಲಿ ನಾರಿನೆಳೆಗಳು ಉಳಿದು ಯಂತ್ರದ ಸೂಜಿಯನ್ನು ಕಟ್ಟಿಹಾಕುತ್ತವೆ. ಹಸಿರು ಮುಚ್ಚಳದಲ್ಲಿ ಹೆಪಾರಿನ್ ಎಂಬ ಹೆಪ್ಪುರೋಧಕವಿದೆ. ಅದು ಲಿಥಿಯಂ ಲವಣದ ರೂಪದಲ್ಲಿದ್ದರೆ ಲಿಥಿಯಂ ಔಷಧ ಸೇವಿಸುವ ರೋಗಿಯ ಲಿಥಿಯಂ ಮಟ್ಟ ನೋಡಲು ಆ ಟ್ಯೂಬ್ ಸಲ್ಲದು.

ಬೂದು ಮುಚ್ಚಳ ಶುಗರ್ ಪರೀಕ್ಷೆಯದು. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಸಕ್ಕರೆಯನ್ನು ಉಪಯೋಗಿಸುತ್ತಲೇ ಇರುತ್ತವೆ; ಕೊಠಡಿಯ ಉಷ್ಣತೆಯಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಉಪವಾಸದ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹ ಎಂಬುದು ಗಡಿ. ಹಳ್ಳಿಯ ಶಿಬಿರದಲ್ಲಿ ತೆಗೆದ ರಕ್ತ ಸಾಧಾರಣ ಟ್ಯೂಬಿನಲ್ಲಿ ಮೂರು ಗಂಟೆ ಪ್ರಯಾಣ ಮಾಡಿ ತಾಲ್ಲೂಕು ಕೇಂದ್ರಕ್ಕೆ ಬಂದರೆ 130 ಇದ್ದದ್ದು 110ರ ಆಸುಪಾಸಿಗೆ ಇಳಿದಿರುತ್ತದೆ, ರೋಗಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ಬೂದು ಟ್ಯೂಬಿನ ಸೋಡಿಯಂ ಫ್ಲೋರೈಡ್ ಸಕ್ಕರೆಯನ್ನು ವಿಭಜಿಸುವ ಸರಣಿಯ ಎನೊಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ; ಜೊತೆಗಿರುವ ಪೊಟ್ಯಾಸಿಯಂ ಆಕ್ಸಲೇಟ್ ಹೆಪ್ಪನ್ನು ತಡೆಯುತ್ತದೆ. ಈ ತಡೆ ಪೂರ್ಣವಾಗಿ ಹಿಡಿತಕ್ಕೆ ಬರಲು ಗಂಟೆಗೂ ಮೀರಿ ಬೇಕಾಗುವುದರಿಂದ ಆರಂಭದ ಇಳಿಕೆ ನಿಲ್ಲುವುದಿಲ್ಲ. ಬೂದು ಟ್ಯೂಬ್ ಇದೆಯೆಂದು ಮಂಜುಗಡ್ಡೆಯ ಪೆಟ್ಟಿಗೆ ಬಿಟ್ಟುಹೋಗುವುದು ಸರಿಯಲ್ಲ.

ಒಂದೇ ಸೂಜಿಯಿಂದ ಹಲವು ಟ್ಯೂಬ್ ತುಂಬುವಾಗ ಕ್ರಮವೂ ಮುಖ್ಯ. ರಕ್ತದಲ್ಲಿನ ರೋಗಾಣುಗಳನ್ನು ಬೆಳೆಸಿ ನೋಡುವ ಕಲ್ಚರ್ ಬಾಟಲಿ ಮೊದಲು, ಬಳಿಕ ತಿಳಿನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆ ಟ್ಯೂಬಿನ ಇಡಿಟಿಎ ಪೊಟ್ಯಾಸಿಯಂ ಲವಣ. ಅದರ ಅಂಶ ಸೂಜಿಯ ಮೂಲಕ ಮುಂದಿನ ಸೀರಂ ಟ್ಯೂಬಿಗೆ ದಾಟಿದರೆ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಸುಳ್ಳೇ ಇಳಿಯುತ್ತದೆ. ಕೆಲವೊಮ್ಮೆ ಕೆಂಪು ಟ್ಯೂಬ್ ತುಂಬಲಿಲ್ಲವೆಂದು ನೇರಳೆಯಿಂದ ಅದಕ್ಕೆ ಸುರಿದುಬಿಡುವುದುಂಟು. ಆಗ ಬರುವ ಪೊಟ್ಯಾಸಿಯಂ ಬದುಕಿರುವ ಮನುಷ್ಯನಲ್ಲಿ ಇರಲಾರದಷ್ಟು ದೊಡ್ಡದಾಗಿರುತ್ತದೆ. ಅನುಭವಿ ತಂತ್ರಜ್ಞರು ಸಂಖ್ಯೆ ನೋಡಿಯೇ ನಡೆದದ್ದನ್ನು ಊಹಿಸುತ್ತಾರೆ. ಅಪಾಯವಿರುವುದು ದೊಡ್ಡ ತಪ್ಪಿನಲ್ಲಲ್ಲ, ಒಂದೆರಡು ಹನಿಯ ಸಣ್ಣ ತಪ್ಪಿನಲ್ಲಿ. ಅದರ ಸಂಖ್ಯೆ ನಿಜವೆಂಬಂತೆ ಕಾಣುತ್ತದೆ.

ಮಳೆಗಾಲದ ಡೆಂಗಿ ದಿನಗಳಲ್ಲಿ ತಿಳಿದಿರಬೇಕಾದ ಸಂಗತಿಯೊಂದಿದೆ. ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದೊಡನೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಯಂತ್ರ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ, ಸಂಖ್ಯೆ ಕುಸಿದಂತೆ ತೋರುತ್ತದೆ. ರಕ್ತಸ್ರಾವದ ಲಕ್ಷಣವೇ ಇಲ್ಲದವರಲ್ಲಿ ಎಣಿಕೆ ತೀರ ಕಡಿಮೆ ಬಂದರೆ ಗಾಜಿನ ಪಟ್ಟಿಯ ಮೇಲೆ ರಕ್ತಲೇಪ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಇಲ್ಲವೇ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ತೆಗೆದು, ಸಿಟ್ರೇಟ್‌ನಿಂದ ತೆಳುವಾದುದಕ್ಕೆ ಪ್ರತಿಯಾಗಿ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸುತ್ತಾರೆ.

ಹಾಲಿನ ಜಿಡ್ಡು ಅಳೆಯುವ ನಳಿಕೆ

ಒಂದೇ ಒಂದು ಪರೀಕ್ಷೆಗೆಂದು ಹುಟ್ಟಿದ ನಳಿಕೆಗಳಲ್ಲಿ ಗರ್ಬರ್ ಬ್ಯೂಟಿರೋಮೀಟರ್ ಅತ್ಯಂತ ಅಚ್ಚುಕಟ್ಟಾದುದು. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಈ ವಿಧಾನ ಹಾಲು ಉತ್ಪಾದಕರ ಸಹಕಾರ ಸಂಘಗಳ ಮೂಲಕ ಕರ್ನಾಟಕದ ಹಳ್ಳಿಗಳಿಗೂ ತಲುಪಿತು. ಬೆಳಗಿನ ಡೈರಿಯಲ್ಲಿ 'ಫ್ಯಾಟ್ ಎಷ್ಟು ಬಂತು' ಎಂಬ ಮಾತಿಗೆ ದರ ಹೇಳುತ್ತಿದ್ದದ್ದು ಇದೇ ನಳಿಕೆ. ಈಗ ಅನೇಕ ಕಡೆ ವಿದ್ಯುನ್ಮಾನ ಯಂತ್ರಗಳು ಬಂದಿವೆ, ಆದರೂ ಸಂದೇಹ ಬಂದಾಗ ತಾಳೆ ನೋಡಲು ಗರ್ಬರ್ ವಿಧಾನಕ್ಕೇ ಮರಳುತ್ತಾರೆ.

ನಳಿಕೆಯ ಕೆಳಭಾಗ ದಪ್ಪ ಉಬ್ಬು, ಮೇಲೆ ಗೆರೆಗಳಿರುವ ಸಪೂರ ಕಾಂಡ, ಇನ್ನೊಂದು ತುದಿಯಲ್ಲಿ ರಬ್ಬರ್ ಬಿರಡೆ ಕೂರುವ ಬಾಯಿ. ಮೊದಲು 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ ಗೋಡೆಗುಂಟ ಇಳಿಸಿ 10.75 ಮಿಲಿಲೀಟರ್ ಹಾಲು, ಕೊನೆಗೆ 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್. ಬಿರಡೆ ಬಿಗಿದು ಕುಲುಕಿದಾಗ ನಳಿಕೆ ಕೈ ಸುಡುವಷ್ಟು ಬಿಸಿಯೇರುತ್ತದೆ, ಹಾಲು ಕಂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಬಟ್ಟೆ ಸುತ್ತಿ ಹಿಡಿಯುತ್ತಾರೆ. ಆಮ್ಲವು ಜಿಡ್ಡಿನ ಕಣಗಳನ್ನು ಸುತ್ತುವರಿದ ಪ್ರೋಟೀನನ್ನು ಕರಗಿಸುತ್ತದೆ. ಆಲ್ಕೋಹಾಲ್ ಜಿಡ್ಡು ಸುಟ್ಟು ಕರಿಯಾಗದೆ ಸ್ವಚ್ಛವಾಗಿ ಬೇರ್ಪಡಲು ನೆರವಾಗುತ್ತದೆ. ನಿಮಿಷಕ್ಕೆ ಸುಮಾರು 1,100 ಸುತ್ತಿನ ವೇಗದಲ್ಲಿ ನಾಲ್ಕೈದು ನಿಮಿಷ ಸುತ್ತಿಸಿ, 65 ಡಿಗ್ರಿಯ ನೀರಿನಲ್ಲಿಟ್ಟು ತೆಗೆದರೆ ತಿಳಿಹಳದಿ ಜಿಡ್ಡಿನ ಕಂಬ ಸಪೂರ ಕಾಂಡದಲ್ಲಿ ನಿಂತಿರುತ್ತದೆ. ಗೆರೆ ಓದಿದರೆ ಅದೇ ಶೇಕಡಾವಾರು, ಬೇರೆ ಲೆಕ್ಕ ಬೇಡ. ಕಾಂಡ ಸಪೂರವಾಗಿರುವುದರಿಂದ ಜಿಡ್ಡಿನ ಅಲ್ಪ ವ್ಯತ್ಯಾಸವೂ ಎತ್ತರದಲ್ಲಿ ದೊಡ್ಡದಾಗಿ ಕಾಣುತ್ತದೆ. ಹಾಲಿನ ಬ್ಯೂಟಿರೋಮೀಟರಿನಲ್ಲಿ ಕೆನೆಯನ್ನು ಅಳೆಯಲಾಗದು, ಅದಕ್ಕೆ ಹೆಚ್ಚಿನ ಶೇಕಡಾವಾರು ಗೆರೆಗಳ ಬೇರೆ ನಳಿಕೆಯೇ ಬೇಕು.

ನೀರಿನ ಮಾದರಿಗಳು

ಒಂದೇ ಕೊಳವೆಬಾವಿಯ ನೀರನ್ನು ಪರೀಕ್ಷಿಸಲು ಹಲವು ಪಾತ್ರೆಗಳು ಬೇಕಾಗುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ ಮುಂತಾದೆಡೆ ಕಾಡುವ ಫ್ಲೋರೈಡ್ ಅಳೆಯಬೇಕಾದರೆ ನೀರನ್ನು ಪಾಲಿಎಥಿಲೀನ್ ಬಾಟಲಿಯಲ್ಲಿ ತರಬೇಕು. ಫ್ಲೋರೈಡ್ ಗಾಜಿನೊಡನೆ ವರ್ತಿಸಬಲ್ಲದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ಮೂಲವಿಲ್ಲದಾಗ 1.5 ಗರಿಷ್ಠ ಮಿತಿ. ಇಷ್ಟು ಕಿರಿದಾದ ಅಂತರದಲ್ಲಿ ಪಾತ್ರೆಯ ಕೈವಾಡಕ್ಕೆ ಅವಕಾಶ ಕೊಡಬಾರದು. ಸಿಲಿಕಾ, ಬೋರಾನ್ ಅಳೆಯುವಾಗಲೂ ಪ್ಲಾಸ್ಟಿಕ್ಕೇ ಸರಿ, ಏಕೆಂದರೆ ಗಾಜೇ ಅವುಗಳಿಂದ ಆದದ್ದು. ಕೀಟನಾಶಕದ ಶೇಷ ಅಥವಾ ಎಣ್ಣೆ ಹುಡುಕುವುದಾದರೆ ಮಾತು ತಿರುಗುಮುರುಗು: ಪ್ಲಾಸ್ಟಿಕ್ ಅವನ್ನು ಹೀರುವುದರಿಂದ ಗಾಜಿನ ಸೀಸೆ ಕಡ್ಡಾಯ.

ರೋಗಾಣುಗಳನ್ನು ಹುಡುಕಲು ಕ್ರಿಮಿಶುದ್ಧೀಕರಿಸಿದ ಬಾಟಲಿ ಬೇಕು. ನಲ್ಲಿ ನೀರಾದರೆ ಅದರಲ್ಲಿ ಮೊದಲೇ ಚಿಟಿಕೆ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಇಲ್ಲದಿದ್ದರೆ ನೀರಿನ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಾ ಬಂದು, ಕೆಟ್ಟ ನೀರಿಗೂ ಒಳ್ಳೆಯ ಪ್ರಮಾಣಪತ್ರ ಕೊಡಿಸುತ್ತದೆ. ಪ್ರಯೋಗಾಲಯದಲ್ಲಿ ಆ ನೀರು ಸೇರುವುದು ಹತ್ತಿಯ ಬಿರಡೆಯಿರುವ ಪ್ರನಾಳಕ್ಕೆ. ಹತ್ತಿ ಗಾಳಿಯನ್ನು ಬಿಡುತ್ತದೆ, ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಪ್ರನಾಳದ ಒಳಗೆ ಬೆರಳಿನ ಗೆಣ್ಣಿಗಿಂತ ಸಣ್ಣದಾದ ಇನ್ನೊಂದು ನಳಿಕೆ ತಲೆಕೆಳಗಾಗಿ ಮುಳುಗಿರುತ್ತದೆ. 1898ರಲ್ಲಿ ಹರ್ಬರ್ಟ್ ಡರ್ಹಾಮ್ ವಿವರಿಸಿದ್ದರಿಂದ ಇದು ಡರ್ಹಾಮ್ ನಳಿಕೆ. ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳಿದ್ದರೆ ಅವು ಲ್ಯಾಕ್ಟೋಸ್ ಸಕ್ಕರೆಯನ್ನು ಹುಳಿಯಿಸಿ ಅನಿಲ ಹೊಮ್ಮಿಸುತ್ತವೆ. ಒಂದಿಷ್ಟು ಅನಿಲ ಈ ಪುಟ್ಟ ನಳಿಕೆಯಲ್ಲಿ ಸಿಕ್ಕಿಕೊಂಡು ಗುಳ್ಳೆಯಾಗಿ ಕಾಣುತ್ತದೆ. 37 ಡಿಗ್ರಿಯಲ್ಲಿ 24ರಿಂದ 48 ಗಂಟೆ ಇಟ್ಟು, ಎಷ್ಟು ಪ್ರನಾಳಗಳಲ್ಲಿ ಗುಳ್ಳೆ ಮೂಡಿತು ಎಂದು ಎಣಿಸಿದರೆ 100 ಮಿಲಿಲೀಟರ್ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳ ಸಂಭವನೀಯ ಸಂಖ್ಯೆ ಕೋಷ್ಟಕದಿಂದ ಸಿಗುತ್ತದೆ. ವಿದ್ಯುತ್ತಿಲ್ಲದ, ಮಾಪಕವಿಲ್ಲದ ಇಂಥ ಸೂಚಕವನ್ನು ಮೀರಿಸುವ ಸರಳತೆ ಅಪರೂಪ.

ವೇಗ, ಚಳಿ ಮತ್ತು ಸೂಕ್ಷ್ಮ ಪ್ರಮಾಣ

ಸೆಂಟ್ರಿಫ್ಯೂಜ್‌ನಲ್ಲಿ ನಳಿಕೆಯ ಮೇಲೆ ಬೀಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸೆಂಟಿಮೀಟರಿನಲ್ಲಿ ತ್ರಿಜ್ಯವನ್ನು ನಿಮಿಷದ ಸುತ್ತುಗಳ ವರ್ಗದಿಂದ, ಬಳಿಕ 0.00001118ರಿಂದ ಗುಣಿಸಿದರೆ ಗುರುತ್ವದ ಎಷ್ಟು ಪಟ್ಟು ಬಲ ಎಂಬುದು ತಿಳಿಯುತ್ತದೆ. 10 ಸೆಂಟಿಮೀಟರ್ ತ್ರಿಜ್ಯದಲ್ಲಿ ನಿಮಿಷಕ್ಕೆ 3,000 ಸುತ್ತು ಎಂದರೆ ಸುಮಾರು 1,000 ಪಟ್ಟು. ವೇಗ 12,000ಕ್ಕೆ ಏರಿದರೆ ಬಲ 16,000 ಪಟ್ಟಾಗುತ್ತದೆ, ಒಂದೂವರೆ ಗ್ರಾಂ ದ್ರವ 24 ಕಿಲೋಗ್ರಾಂ ಭಾರದಂತೆ ತಳವನ್ನು ಒತ್ತುತ್ತದೆ. ಸಾಧಾರಣ ಗಾಜಿನ ಪ್ರನಾಳ ಇದಕ್ಕೆ ಪುಡಿಪುಡಿಯಾಗುತ್ತದೆ. ನಳಿಕೆಯ ಪೊಟ್ಟಣದ ಮೇಲೆ ತಾಳುವ ಗರಿಷ್ಠ ಬಲ ಮುದ್ರಿತವಾಗಿರುತ್ತದೆ. ಎದುರುಬದುರಿನ ನಳಿಕೆಗಳ ತೂಕವನ್ನು ಸರಿದೂಗಿಸುವಷ್ಟೇ ಅದನ್ನು ಓದುವುದೂ ಅಗತ್ಯ.

ಹೆಚ್ಚಿನ ವೇಗಕ್ಕೆ ಒಗ್ಗುವುದು 1.5 ಮಿಲಿಲೀಟರಿನ ಪಾಲಿಪ್ರೊಪಿಲೀನ್ ನಳಿಕೆ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಎಪ್ಪೆನ್‌ಡಾರ್ಫ್ ಕಂಪನಿ ಬಳಕೆಗೆ ತಂದ ಇದನ್ನು ಸಂಶೋಧನಾ ವಿದ್ಯಾರ್ಥಿಗಳು ಇಂದಿಗೂ 'ಎಪ್ಪೆನ್‌ಡಾರ್ಫ್' ಎಂದೇ ಕರೆಯುತ್ತಾರೆ. ಡಿಎನ್ಎ ಪ್ರತಿಗಳನ್ನು ಹೆಚ್ಚಿಸಿ ನೋಡುವ ಪಿಸಿಆರ್ ಪರೀಕ್ಷೆಯ ನಳಿಕೆ ಇನ್ನೂ ಸಣ್ಣದು, 0.2 ಮಿಲಿಲೀಟರಿನದು. ಅಲ್ಲಿ ದ್ರಾವಣ ಮತ್ತೆಮತ್ತೆ 95 ಡಿಗ್ರಿಗೆ ಏರಿ, 50-60ಕ್ಕೆ ಇಳಿದು, 72ಕ್ಕೆ ಮರಳಬೇಕು. ಶಾಖ ಬೇಗ ದಾಟಲೆಂದು ಗೋಡೆಯನ್ನು ತೀರ ತೆಳುವಾಗಿಸಿರುತ್ತಾರೆ. ಪಿಸಿಆರ್‌ಗೆ ರಕ್ತ ತೆಗೆಯುವುದಾದರೆ ಇಡಿಟಿಎ ಟ್ಯೂಬ್ ಆಗಬಹುದು, ಹೆಪಾರಿನ್ ಬೇಡ. ಹೆಪಾರಿನ್ ಆ ಪರೀಕ್ಷೆಯ ಕಿಣ್ವವನ್ನೇ ತಡೆಯುತ್ತದೆ.

ಜೀವಕೋಶಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಪಾತ್ರೆಯಲ್ಲಿ ಕಾಪಿಡಲು ತಿರುಗಣಿ ಮುಚ್ಚಳದ ಕ್ರಯೋವಯಲ್ ಬೇಕು. ಇದನ್ನು ದ್ರವದ ಮೇಲಿನ ಆವಿಯಲ್ಲಿ ಇಡಬೇಕೇ ಹೊರತು ದ್ರವದಲ್ಲಿ ಮುಳುಗಿಸಬಾರದು. ಮುಚ್ಚಳದ ಸಂದಿನಿಂದ ಸಾರಜನಕ ನುಸುಳಿದ್ದರೆ, ಹೊರತೆಗೆದಾಗ ಅದು ಸುಮಾರು 700 ಪಟ್ಟು ಹಿಗ್ಗಿ ವಯಲ್ ಸಿಡಿಯುತ್ತದೆ. ಪಶು ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಗೆ ಬಳಸುವ 0.25 ಮಿಲಿಲೀಟರಿನ ಕಡ್ಡಿಯಂಥ ಸ್ಟ್ರಾಗಳು ಮಾತ್ರ ಎರಡೂ ತುದಿ ಮುಚ್ಚಿಕೊಂಡು ದ್ರವದಲ್ಲೇ ಮುಳುಗಿರುತ್ತವೆ.

ವಿಶ್ಲೇಷಣೆಯ ಯಂತ್ರಗಳಿಗೂ ತಮ್ಮತಮ್ಮ ವಯಲ್‌ಗಳಿವೆ. ಔಷಧ ಪರೀಕ್ಷೆಯ ಎಚ್‌ಪಿಎಲ್‌ಸಿ ಯಂತ್ರದ 2 ಮಿಲಿಲೀಟರ್ ವಯಲ್‌ಗೆ ಸಿಲಿಕೋನ್ ಮತ್ತು ಟೆಫ್ಲಾನ್ ಪದರಗಳ ಮುಚ್ಚಳವಿದೆ. ದ್ರಾವಕಕ್ಕೆ ತಾಗುವ ಟೆಫ್ಲಾನ್ ಏನನ್ನೂ ಬಿಡುವುದಿಲ್ಲ, ಸಿಲಿಕೋನ್ ಸೂಜಿ ಹೋದ ತೂತನ್ನು ಮುಚ್ಚುತ್ತದೆ. ವಿಕಿರಣ ಎಣಿಸುವ 20 ಮಿಲಿಲೀಟರ್ ವಯಲ್‌ಗೆ ಪೊಟ್ಯಾಸಿಯಂ ಕಡಿಮೆಯಿರುವ ಗಾಜು ಬೇಕು, ಏಕೆಂದರೆ ನಿಸರ್ಗದ ಪೊಟ್ಯಾಸಿಯಂ-40 ತಾನೇ ವಿಕಿರಣಶೀಲ.

ಔಷಧ ಮತ್ತು ಲಸಿಕೆಯ ವಯಲ್‌ಗಳು

ಚುಚ್ಚುಮದ್ದಿನ ವಯಲ್ ಮೂರು ಭಾಗಗಳದು: ಗಾಜು, ಬ್ಯೂಟೈಲ್ ರಬ್ಬರಿನ ಬಿರಡೆ, ಅದನ್ನು ಬಿಗಿಹಿಡಿದ ಅಲ್ಯೂಮಿನಿಯಂ ಬಳೆ. ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿ ಔಷಧಗಳ ಬಿರಡೆಯ ಕಾಲಿನಲ್ಲಿ ಸೀಳುಗಳಿರುತ್ತವೆ. ಒಣಗಿಸುವ ಯಂತ್ರದಲ್ಲಿ ಬಿರಡೆ ಅರ್ಧ ಮಾತ್ರ ಕುಳಿತು ಸೀಳಿನಿಂದ ಆವಿ ಹೊರಹೋಗುತ್ತದೆ, ಕೊನೆಗೆ ಯಂತ್ರದೊಳಗೇ ಅದನ್ನು ಪೂರ್ತಿ ಒತ್ತಿಬಿಡುತ್ತಾರೆ. ಬಿಸಿಜಿ ಮತ್ತು ದಡಾರ-ರುಬೆಲ್ಲಾ ಲಸಿಕೆಗಳು ಈ ಬಗೆಯವು. ದ್ರವ ಬೆರೆಸಿದ ನಾಲ್ಕು ಗಂಟೆಗಳೊಳಗೆ ಬಳಸಿ ಉಳಿದದ್ದನ್ನು ಎಸೆಯಬೇಕು.

ಪೋಲಿಯೊ ಹನಿಯ ವಯಲ್ ಮೇಲೆ 1996ರಿಂದ ಒಂದು ಗುರುತು ಬರತೊಡಗಿತು: ನೇರಳೆ ವೃತ್ತದೊಳಗೆ ತಿಳಿ ಬಣ್ಣದ ಚೌಕ. ಶಾಖ ತಾಗಿದಷ್ಟೂ ಚೌಕ ಗಾಢವಾಗುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ಚೌಕ ವೃತ್ತಕ್ಕಿಂತ ತಿಳಿಯಾಗಿರುವವರೆಗೆ ಲಸಿಕೆ ಬಳಸಬಹುದು, ಎರಡೂ ಒಂದೇ ಬಣ್ಣವಾದರೆ ಬಳಸಬಾರದು. ಅಂಗನವಾಡಿಯಲ್ಲಿ ಮಗುವಿಗೆ ಹನಿ ಹಾಕಿಸುವ ತಾಯಿಯೂ ಇದನ್ನು ಓದಬಲ್ಲಳು.

ವಿಲೇವಾರಿ ಮತ್ತು ಗುರುತು

ಬಳಸಿದ ಗಾಜಿನ ವಯಲ್‌ಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ನೀಲಿ ಗುರುತಿನ ಪೆಟ್ಟಿಗೆಗೆ, ಪ್ಲಾಸ್ಟಿಕ್ ಟ್ಯೂಬುಗಳು ಕೆಂಪು ಚೀಲಕ್ಕೆ ಹೋಗಬೇಕು. ಒಮ್ಮೆ ಬಳಸಿದ ಪ್ಲಾಸ್ಟಿಕ್ ನಳಿಕೆಯನ್ನು ತೊಳೆದು ಮರುಬಳಸುವುದು ಉಳಿತಾಯದಂತೆ ಕಂಡರೂ ಗೀರುಗಳಲ್ಲಿ ಹಳೆಯ ಮಾದರಿ ಕುಳಿತಿರುತ್ತದೆ. ಪ್ರಯೋಗಾಲಯದ ಗಾಜಿನ ಪ್ರನಾಳವನ್ನು ಮಾತ್ರ ಸರಿಯಾಗಿ ತೊಳೆದು ಮತ್ತೆ ಬಳಸಬಹುದು.

ಮುಚ್ಚಳದ ಬಣ್ಣ ಕಂಪನಿಯಿಂದ ಕಂಪನಿಗೆ ತುಸು ಬದಲಾಗುವುದುಂಟು, ಆದ್ದರಿಂದ ಬಣ್ಣಕ್ಕಿಂತ ಟ್ಯೂಬಿನ ಚೀಟಿಯಲ್ಲಿ ಮುದ್ರಿತವಾದ ರಾಸಾಯನಿಕದ ಹೆಸರನ್ನೂ ಅವಧಿ ಮುಗಿಯುವ ದಿನಾಂಕವನ್ನೂ ನಂಬುವುದು ಲೇಸು. ಅವಧಿ ಮೀರಿದ ಟ್ಯೂಬಿನಲ್ಲಿ ನಿರ್ವಾತ ಕುಗ್ಗಿ ರಕ್ತ ಅಳತೆಗಿಂತ ಕಡಿಮೆ ತುಂಬುತ್ತದೆ. ರಕ್ತ ಕೊಡಲು ಹೋದವರು ಗಮನಿಸಬೇಕಾದ್ದು ಇನ್ನೊಂದಿದೆ. ಹೆಸರಿನ ಚೀಟಿಯನ್ನು ರಕ್ತ ತುಂಬಿದ ಕೂಡಲೇ, ರೋಗಿಯ ಎದುರಿನಲ್ಲೇ ಅಂಟಿಸಬೇಕೆಂಬುದು ಪ್ರಯೋಗಾಲಯದ ನಿಯಮ. ಕುರ್ಚಿಯಿಂದ ಏಳುವ ಮೊದಲು ನಿಮ್ಮ ಹೆಸರು, ವಯಸ್ಸು ಸರಿಯಾಗಿ ಬರೆದ ಚೀಟಿ ನಿಮ್ಮದೇ ಟ್ಯೂಬಿಗೆ ಅಂಟಿದೆಯೇ ಎಂದು ಒಮ್ಮೆ ಕೇಳಿ ನೋಡಿಕೊಳ್ಳಿ.